ಮೇಲೆ ಸಂಗೀತ, ಕೆಳಗೆ ಗ್ಯಾರೇಜು

ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ ಬ್ರಾಡ್‌ವೇ ಎಂಬ ಬೀದಿ ಕಂಬರ್‌ಲೆಂಡ್ ಹೊಳೆಯ ಕಡೆಗೆ ಇಳಿಯುವ ಜಾಗದಲ್ಲಿ ನಮ್ಮ ತೇರಿನ ಬೀದಿಯೂ ನಾಚುವಷ್ಟು ಗದ್ದಲ. ಬಾರಿಗೊಂದು ಬ್ಯಾಂಡು, ಮಹಡಿಗೊಂದು ಮೈಕು. ಒಬ್ಬನ ಪಲ್ಲವಿಗೆ ಪಕ್ಕದ ಮನೆಯ ಡ್ರಮ್ಮು ತಾಳ ಹಾಕುತ್ತಿರುತ್ತದೆ. ಈ ಸಾಲಿನ 416ನೇ ನಂಬರಿನಲ್ಲಿ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಎಂಬ ಬಾರಿದೆ. ಒಳಗೆ ಗೋಡೆಯ ಹಲಗೆಗಳ ಮೇಲೆ ಕೌಬಾಯ್ ಬೂಟುಗಳ ಸಾಲು. ಬಾರಾಗುವ ಮೊದಲು ಅದು ಬೂಟಿನಂಗಡಿಯಾಗಿತ್ತು ಎನ್ನುವುದಕ್ಕೆ ಉಳಿದ ಸಾಕ್ಷಿ. ಬೂಟಿಗೂ ಹಿಂದೆ ಅಲ್ಲಿದ್ದದ್ದು ಶೋ-ಬಡ್ ಕಂಪನಿಯ ಸ್ಟೀಲ್ ಗಿಟಾರ್ ಅಂಗಡಿ. ಹಿಂದಿನ ಓಣಿ ದಾಟಿದರೆ ರೈಮನ್ ಆಡಿಟೋರಿಯಂ. ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೋ ಸಂಗೀತಸಭೆ 1943ರಿಂದ 1974ರವರೆಗೆ ನಡೆದದ್ದು ಅಲ್ಲೇ. ವೇದಿಕೆಗೂ ರಿಪೇರಿಯ ಮೇಜಿಗೂ ನಡುವೆ ಇದ್ದದ್ದು ಒಂದು ಓಣಿ. ಪೆಡಲ್ ಸ್ಟೀಲ್ ಗಿಟಾರಿನ ಮಟ್ಟಿಗೆ ಈ ಓಣಿಯನ್ನೂ ವಾದ್ಯದ ಒಂದು ಅಂಗವೆಂದೇ ಲೆಕ್ಕ ಹಾಕಬೇಕು ಎನ್ನುವುದು ನನ್ನ ವಾದ. ಒಂದು ಸ್ಪ್ರಿಂಗಿಗಾಗಿ, ಒಂದು ಸನ್ನೆಯ ತುಂಡಿಗಾಗಿ ತಯಾರಕನ ಬಾಗಿಲು ತಟ್ಟಬೇಕಾಗಿ ಬರುವುದನ್ನು ಆ ವಾದ್ಯದ ಕೊರತೆ ಎಂದು ಹಲವರು ಗೊಣಗುತ್ತಾರೆ. ಕೊರತೆಯಲ್ಲ, ಹುಟ್ಟುಗುಣ.

ವಾದ್ಯವನ್ನು ಕಾಣದವರಿಗೆ ಅದರ ರೂಪ ಹೇಳುವುದು ಸ್ವಲ್ಪ ಕಷ್ಟ. ಗಿಟಾರು ಅಂದ ಕೂಡಲೇ ಹೆಗಲಿಗೆ ಪಟ್ಟಿ, ಸೊಂಟಕ್ಕೆ ಬುರುಡೆ ಅಂದುಕೊಂಡರೆ ತಪ್ಪಿತು. ಇದು ನಾಲ್ಕು ಕಾಲಿನ ಉದ್ದನೆಯ ಮೇಜು. ಅದರ ಮುಂದೆ ಕೂತವನು ಹೊಲಿಗೆ ಮಿಷನ್ನಿನ ದರ್ಜಿಯ ಹಾಗೆ ಕಾಣುತ್ತಾನೆ. ಎಡಗಾಲು ಪೆಡಲುಗಳ ಸಾಲಿನ ಮೇಲೆ, ಬಲಗಾಲು ಸದ್ದು ಏರಿಳಿಸುವ ಇನ್ನೊಂದು ಪೆಡಲಿನ ಮೇಲೆ. ಮೊಣಕಾಲುಗಳು ಮೇಜಿನಡಿಯ ಸನ್ನೆಗಳನ್ನು ಎಡಬಲಕ್ಕೆ ನೂಕುತ್ತಿರುತ್ತವೆ. ಎಡಗೈಯಲ್ಲಿ ಉಕ್ಕಿನ ಸರಳು, ಬಲಗೈ ಬೆರಳುಗಳಿಗೆ ಮೀಟುವ ಉಗುರು. ಕುತ್ತಿಗೆಗೊಂದು ಕೆಲಸ ಕೊಟ್ಟಿಲ್ಲ, ಅಷ್ಟೇ. ತಂತಿಯ ಮೇಲೆ ಉಕ್ಕು ಜಾರಿಸುವ ಪದ್ಧತಿ ಹವಾಯಿ ದ್ವೀಪದ್ದು. 1889ರ ಸುಮಾರಿಗೆ ಜೋಸೆಫ್ ಕೆಕುಕು ಎಂಬ ಶಾಲಾಹುಡುಗ ಅದನ್ನು ರೂಢಿಗೆ ತಂದನೆಂದು ಹೆಸರು. (ಅವನಿಗೂ ಮುಂಚೆ ಗೇಬ್ರಿಯಲ್ ಡೇವಿಯನ್ ಎಂಬ ಭಾರತೀಯ ಹುಡುಗನೊಬ್ಬ ಅಲ್ಲಿ ಹಾಗೆ ನುಡಿಸುತ್ತಿದ್ದನೆಂಬ ಮಾತೂ ಇದೆ. ಎದೆಯುಬ್ಬಿಸುವ ಮುನ್ನ ಅದು ಮಾತು ಮಾತ್ರ ಎಂಬುದು ನೆನಪಿರಲಿ.) ಗೋಟುವಾದ್ಯ ಕೇಳಿ ಪಳಗಿದ ಕಿವಿ ಇಲ್ಲೇ ಒಂದು ತಕರಾರು ತೆಗೆದೀತು: ಜಾರಿಸಿಯೇ ಎಲ್ಲ ಗಮಕ ಹೊರಡುವುದಾದರೆ ಮೇಜಿನಡಿಗೆ ಈ ಕಬ್ಬಿಣದ ಸಂತೆ ಯಾಕೆ? ನಮ್ಮ ರಾಗ ಒಂದೇ ಎಳೆಯಲ್ಲಿ ನಡೆಯುತ್ತದೆ, ಅದಕ್ಕೆ ಕೈ ಸಾಕು. ಅವರ ಕಂಟ್ರಿ ಸಂಗೀತಕ್ಕೆ ಮೂರು ಸ್ವರ ಒಟ್ಟಿಗೆ ಬೇಕು, ಸರಳನ್ನು ಜಾರಿಸಿದರೆ ಮೂರೂ ಒಟ್ಟಿಗೇ ಜಾರುತ್ತವೆ. ಎರಡು ನಿಂತಲ್ಲೇ ನಿಂತು ಮೂರನೆಯದು ಮಾತ್ರ ಏರಬೇಕೆಂದರೆ ಆ ಒಂದು ತಂತಿಯನ್ನು ತುದಿಯಿಂದ ಏನಾದರೂ ಎಳೆಯಲೇಬೇಕು. ವೆಬ್ ಪಿಯರ್ಸ್ ಹಾಡಿ 1954ರಲ್ಲಿ ಜನಪ್ರಿಯವಾದ 'ಸ್ಲೋಲಿ'ಯಲ್ಲಿ ಬಡ್ ಐಸಾಕ್ಸ್ ಎಂಬ ವಾದಕ ತಂತಿ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ, ಒಂದು ಸ್ವರದ ಒಳಗಿಂದ ಇನ್ನೊಂದು ಬಿರಿದು ಬರುವುದನ್ನು ಊರಿಗೆಲ್ಲ ಕೇಳಿಸಿದ. ಆಮೇಲೆ ಪೆಡಲಿಲ್ಲದ ಸ್ಟೀಲ್ ಇಟ್ಟುಕೊಂಡು ನ್ಯಾಶ್‌ವಿಲ್‌ನಲ್ಲಿ ಹೊಟ್ಟೆ ಹೊರೆಯುವುದು ಕಷ್ಟವಾಯಿತು.

ಈ ಮೇಜನ್ನು ಮಗುಚಿ ಹಾಕಿದರೆ ವಾದ್ಯ ಮಾಯವಾಗಿ ಸೈಕಲ್ ಶಾಪು ಕಾಣಿಸುತ್ತದೆ. ಪೆಡಲಿನಿಂದ ಮೇಲೆದ್ದ ಕಡ್ಡಿ ಅಡ್ಡಲಾಗಿ ಮಲಗಿದ ಒಂದು ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿಗೆ ಕಚ್ಚಿಕೊಂಡ ಬೆಲ್‌ಕ್ರ್ಯಾಂಕ್ ಎಂಬ ಪುಟ್ಟ ಸನ್ನೆ ಉದ್ದುದ್ದ ಮಲಗಿದ ಸರಳನ್ನು ಎಳೆಯುತ್ತದೆ, ಸರಳು ಬಲತುದಿಯ ಚೇಂಜರ್‌ಗೆ ಹೋಗಿ ಸೇರುತ್ತದೆ. ಚೇಂಜರೆಂದರೆ ಹತ್ತು ತಂತಿಗೆ ಹತ್ತರಂತೆ ಒಂದೇ ಕಡಾಣಿಗೆ ಪೋಣಿಸಿದ ಅಲ್ಯೂಮಿನಿಯಂ ತುಂಡುಗಳು; ವಾದಕರು ಅವನ್ನು ಫಿಂಗರ್ ಎನ್ನುತ್ತಾರೆ. ತಂತಿಯ ತುದಿಯ ಗುಂಡು ಫಿಂಗರಿನ ಮೊಳೆಗೆ ಸಿಕ್ಕಿಕೊಂಡು, ತಂತಿ ಅದರ ದುಂಡು ನೆತ್ತಿಯ ಮೇಲೆ ಹಾದು ಬರುತ್ತದೆ. ಅಂದರೆ ವೀಣೆಗೆ ಕುದುರೆ ಏನೋ ಇದಕ್ಕೆ ಫಿಂಗರ್ ಅದು. ವೀಣೆಯ ಕುದುರೆ ನಿಂತಿರುತ್ತದೆ, ಈ ಕುದುರೆ ಓಡುತ್ತದೆ. ನ್ಯಾಶ್‌ವಿಲ್‌ನಲ್ಲಿ ರೂಢಿಯ ಇ9 ಶ್ರುತಿಯಲ್ಲಿ ಒಂದು ಪೆಡಲು ಮೂರನೆಯ ಮತ್ತು ಆರನೆಯ ತಂತಿಗಳನ್ನು ಜಿ ಶಾರ್ಪಿನಿಂದ ಎ ಸ್ವರಕ್ಕೆ ಏರಿಸುತ್ತದೆ. ಮೂರನೆಯ ತಂತಿಯ ದಪ್ಪ, ಒಂದಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹನ್ನೊಂದು ಪಾಲು. ಅಷ್ಟು ಸಣ್ಣ ಉಕ್ಕಿನೆಳೆ ರಾತ್ರಿಯೆಲ್ಲ ಆ ನೆತ್ತಿಯ ಮೇಲೆ ಹಿಂದೆಮುಂದೆ ಬಾಗುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಕೂದಲೆಳೆಯಷ್ಟು ಗೀರು ಬೀಳುತ್ತದೆ. ಮುಂದೆ ಆ ಗೀರೇ ತಂತಿಯನ್ನು ಕಡಿಯುತ್ತದೆ. ಸಾಲದ್ದಕ್ಕೆ ಹತ್ತು ತಂತಿಗಳ ಬಿಗಿತ ಸೇರಿದರೆ ನೂರು ಕಿಲೋದ ಆಸುಪಾಸು. ಪೆಡಲೊತ್ತಿದಾಗ ಮೇಪಲ್ ಮರದ ಮೈ ತಾನೇ ಕಂಡೂಕಾಣದಷ್ಟು ಬಾಗಿ, ಮುಟ್ಟದ ತಂತಿಗಳ ಶ್ರುತಿ ಸ್ವಲ್ಪ ಇಳಿಯುತ್ತದೆ. ಮರ ಒಂದು ಮಾತು, ಲೋಹ ಇನ್ನೊಂದು ಮಾತು. ಎರಡರ ಜಗಳ ಬಿಡಿಸುವವನೇ ತಯಾರಕ.

ಹೀಗಾಗಿ ಬಿಡಿಭಾಗ ಕೇಳಿಕೊಂಡು ಬಂದವನಿಗೆ ಒಳ್ಳೆಯ ತಯಾರಕ ಮೊದಲು ಕೊಡುವುದು ಪ್ರಶ್ನೆಯನ್ನು. ಮೂರನೆಯ ತಂತಿ ಪದೇ ಪದೇ ಕಡಿಯುತ್ತದೆ, ಹೊಸ ಫಿಂಗರ್ ಬೇಕು ಎನ್ನುವುದು ಗಿರಾಕಿಯ ತೀರ್ಮಾನ. ಆದರೆ ಕಾರಣ ನೆತ್ತಿಯ ಗೀರೇ ಇರಬೇಕೆಂದಿಲ್ಲ. ಪೆಡಲಿನ ತಡೆ ಸಡಿಲವಾಗಿ ಫಿಂಗರ್ ಅಗತ್ಯಕ್ಕಿಂತ ಹೆಚ್ಚು ಓಡುತ್ತಿರಬಹುದು, ಬೆಲ್‌ಕ್ರ್ಯಾಂಕ್ ಒಂದು ತೂತು ಆಚೆ ಕೂತಿರಬಹುದು, ಕಡಾಣಿ ಸವೆದಿರಬಹುದು. ಎಷ್ಟೋ ಸಲ ಸರಳಿನ ತುದಿಯ ನೈಲಾನ್ ನಟ್ಟಿಗೆ ಅಂಗುಲದ 3/16 ಅಳತೆಯ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸ. ಕೇಳಿದ ಸಾಮಾನು ಕೊಡದೆ ವಾಪಸು ಕಳಿಸುವ ಅಂಗಡಿಯವನು ವ್ಯಾಪಾರಿಯ ಲೆಕ್ಕದಲ್ಲಿ ದಡ್ಡ. ಈ ಕಸುಬಿನಲ್ಲಿ ಅವನೇ ಜಾಣ, ಯಾಕೆಂದರೆ ಗಿರಾಕಿ ಮತ್ತೆ ಬರುತ್ತಾನೆ. ಬಂದಾಗ ಅವನ ವಾದ್ಯದ ಹಳೆಯ ಕಾಯಿಲೆಗಳೆಲ್ಲ ಇವನಿಗೆ ಬಾಯಿಪಾಠ.

ಎಲೆಕ್ಟ್ರಿಕ್ ಗಿಟಾರಿಗೆ ಈ ರಗಳೆ ಇಲ್ಲವಲ್ಲ, ಒಬ್ಬರ ಬಿರಡೆ ಇನ್ನೊಬ್ಬರ ಗಿಟಾರಿಗೆ ಕೂರುತ್ತದೆ, ಇವರೂ ಸೇರಿ ಒಂದು ಅಳತೆ ನಿಗದಿ ಮಾಡಬಾರದೇ ಎಂದು ಕೇಳಬಹುದು. ಕೇಳಬೇಕಾದ್ದೇ. ಆದರೆ ಈ ಜನ ಮೂರು ಪೆಡಲುಗಳನ್ನು ಯಾವ ಕ್ರಮದಲ್ಲಿ ಇಡಬೇಕೆನ್ನುವುದರಲ್ಲೇ ಒಮ್ಮತಕ್ಕೆ ಬಂದಿಲ್ಲ. ಬಡ್ಡಿ ಎಮನ್ಸ್ ಅನುಸರಿಸಿದ ಕ್ರಮ ಎಡದಿಂದ ಎ, ಬಿ, ಸಿ; ಜಿಮ್ಮಿ ಡೇ ಅನುಸರಿಸಿದ್ದು ಅದನ್ನೇ ತಿರುಗಿಸಿ ಸಿ, ಬಿ, ಎ. ಇಬ್ಬರೂ ದಿಗ್ಗಜರು, ಇಬ್ಬರಿಗೂ ಶಿಷ್ಯಪಡೆ. ಮೊಣಕಾಲಿನ ಸನ್ನೆಗಳಿಗೆ ಬಂದರಂತೂ ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಯಾವ ಪೆಡಲು ಯಾವ ತಂತಿಯನ್ನು ಎಷ್ಟು ಏರಿಸುತ್ತದೆ, ಇಳಿಸುತ್ತದೆ ಎನ್ನುವ ಪಟ್ಟಿ ಒಬ್ಬೊಬ್ಬ ವಾದಕನಿಗೂ ಬೇರೆ. ಅದು ಅವನ ಜಾತಕವಿದ್ದಂತೆ. ಇನ್ನು ಯಂತ್ರದ ಮಾತು. ಎಮನ್ಸ್ 1963ರಲ್ಲಿ ಶೋ-ಬಡ್ ಬಿಟ್ಟು, ರಾನ್ ಲ್ಯಾಶ್ಲಿ ಜೊತೆ ನಾರ್ತ್ ಕ್ಯಾರೊಲಿನಾದ ಬರ್ಲಿಂಗ್ಟನ್‌ನಲ್ಲಿ ತನ್ನದೇ ಹೆಸರಿನ ಕಂಪನಿ ಮಾಡಿದ. ಅಲ್ಲಿಯ ವಾದ್ಯದಲ್ಲಿ ಸ್ವರ ಏರಿಸಲು ಸರಳು ಎಳೆಯುತ್ತದೆ, ಇಳಿಸಲು ತಳ್ಳುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಗಾದೆಯನ್ನು ಯಾರೋ ಎಂಜಿನಿಯರಿಂಗ್ ಮಾಡಿದ ಹಾಗೆ. ಹೊಂದಿಸುವುದು ತಲೆನೋವು. ಆದರೂ ಫಿಂಗರ್ ವಾದ್ಯದ ಮೈಗೆ ಗಟ್ಟಿಯಾಗಿ ಒರಗುವುದರಿಂದ ನಾದ ಬೇರೆ ಎಂದು ಅದನ್ನೇ ಹುಡುಕಿ ಕೊಳ್ಳುವವರು ಇವತ್ತಿಗೂ ಇದ್ದಾರೆ. ಒಂದೇ ಕಂಪನಿಯೊಳಗೂ ಅಷ್ಟೇ: 1970ರ ಸುಮಾರಿನ ಶೋ-ಬಡ್‌ನ ಒಳಗಿನ ಜೋಡಣೆ ಒಂದು ಬಗೆ, ಕೆಲವು ವರ್ಷ ಬಿಟ್ಟು ಬಂದದ್ದರಲ್ಲಿ ಇನ್ನೊಂದು. ಹೊರಗಿನ ಹೆಸರು ನೋಡಿ ಒಳಗಿನ ತುಂಡು ತರಿಸಿದವನು ಪೆಚ್ಚಾಗುವುದು ಖಂಡಿತ.

ಇಂಥ ವಾದ್ಯ ದೊಡ್ಡ ಕಾರ್ಖಾನೆಗೆ ಒಗ್ಗಲಿಲ್ಲವೆಂಬುದೇ ನನ್ನ ವಾದಕ್ಕೆ ದೊಡ್ಡ ಆಧಾರ. ಗಿಬ್ಸನ್ ಕಂಪನಿ 1940ರ ಆಸುಪಾಸಿನಲ್ಲೇ ಎಲೆಕ್ಟ್ರಾಹಾರ್ಪ್ ಎಂಬ ಪೆಡಲ್ ವಾದ್ಯ ತಂದಿತ್ತು. ಫೆಂಡರ್ 1950ರ ದಶಕದ ಕೊನೆಗೆ ತಂದ ಮಾದರಿಯಲ್ಲಿ ಸರಳಿನ ಬದಲು ಉಕ್ಕಿನ ಕೇಬಲ್ಲುಗಳಿದ್ದವು. ಎರಡಕ್ಕೂ ಹಣವಿತ್ತು, ಹೆಸರಿತ್ತು, ಮಾರುವ ಜಾಲವಿತ್ತು. ಆದರೆ ವಾದಕರು ಹುಡುಕಿಕೊಂಡು ಹೋದದ್ದು ಕ್ಯಾಲಿಫೋರ್ನಿಯಾದ ಡೌನಿಯಲ್ಲಿದ್ದ ಪಾಲ್ ಬಿಗ್ಸ್‌ಬಿಯನ್ನು. ಆತ ಎರಕದ ಅಚ್ಚು ಮಾಡುವ ಕಸುಬಿನವನು, ಮೋಟಾರ್‌ಸೈಕಲ್ ಕೆಲಸದಲ್ಲಿ ಕೈ ಪಳಗಿದವನು. 1948ರಲ್ಲಿ ಸ್ಪೀಡಿ ವೆಸ್ಟ್‌ಗೆ, ಆಮೇಲೆ ಬಡ್ ಐಸಾಕ್ಸ್‌ಗೆ ವಾದ್ಯ ಕಟ್ಟಿಕೊಟ್ಟದ್ದು ಆತನೇ. ಶೋ-ಬಡ್ ಕೂಡ 1950ರ ದಶಕದಲ್ಲಿ ಹುಟ್ಟಿದ್ದು ಶಾಟ್ ಜಾಕ್ಸನ್‌ನ ಮನೆಯ ಗ್ಯಾರೇಜಿನಲ್ಲಿ. ಶಾಟ್ ಮತ್ತು ಬಡ್ಡಿ ಎಮನ್ಸ್, ಇಬ್ಬರೂ ವೇದಿಕೆಯ ವಾದಕರು. ಇಬ್ಬರ ಹೆಸರಿನ ಅರ್ಧರ್ಧ ಸೇರಿ ಶೋ-ಬಡ್. ಅಂದರೆ ಶನಿವಾರ ರಾತ್ರಿ ಪೆಡಲು ಕಿರುಗುಟ್ಟಿದರೆ ಅದನ್ನು ಕೇಳಿಸಿಕೊಂಡ ಕಿವಿಯೇ ಸೋಮವಾರ ಅರ ಹಿಡಿಯುತ್ತಿತ್ತು. ತಮಾಷೆಯೆಂದರೆ 1970ರ ದಶಕದಲ್ಲಿ ಫೆಂಡರ್ ಹೆಸರು ಹೊತ್ತ ಪೆಡಲ್ ಸ್ಟೀಲುಗಳನ್ನು ಮಾಡಿಕೊಟ್ಟದ್ದು ಇದೇ ಶೋ-ಬಡ್. ಮುಂದೆ ಶೋ-ಬಡ್ ಕೂಡ ಬಾಲ್ಡ್‌ವಿನ್ ಎಂಬ ಪಿಯಾನೋ ಕಂಪನಿಯ ಕೈಸೇರಿತು. ಆಮೇಲೆ ಅದು ಬಾಳಿದ್ದು ಕೆಲವೇ ವರ್ಷ.

ಹಳೆಯದನ್ನೆಲ್ಲ ಹೊಗಳುವ ಚಾಳಿ ಇದು ಎಂದು ಯಾರಾದರೂ ಮೂಗು ಮುರಿದರೆ ಒಂದು ಸಂಗತಿ ಒಪ್ಪಿಕೊಳ್ಳಲೇಬೇಕು: ಆ ಹಳೆಯ ಅಂಗಡಿಯ ಮಾಲೆಲ್ಲ ಚಿನ್ನವಾಗಿರಲಿಲ್ಲ. ಶೋ-ಬಡ್‌ನ ಕೆಲವು ತುಂಡುಗಳು ಅಗ್ಗದ ಸತುವಿನ ಎರಕ. ಕಾಲ ಕಳೆದ ಹಾಗೆ ಬಿರುಕು ಬಿಟ್ಟು ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಇವತ್ತು ಕಂಪ್ಯೂಟರ್ ನಡೆಸುವ ಮಿಷನ್ನಿನಲ್ಲಿ ಗಟ್ಟಿ ಅಲ್ಯೂಮಿನಿಯಂ ಕಡೆದು ಮಾಡಿದ ಬದಲಿ ತುಂಡು ಮೂಲಕ್ಕಿಂತ ಚೆನ್ನಾಗಿರುತ್ತದೆ, ಅಂಚೆಯಲ್ಲಿ ಮನೆ ಬಾಗಿಲಿಗೂ ಬರುತ್ತದೆ. ಹಾಗಾದರೆ ಬಾಗಿಲು ತಟ್ಟುವ ಮಾತೆಲ್ಲಿ ಉಳಿಯಿತು? ತುಂಡು ಮಾಡುವುದು ಸುಲಭವಾಯಿತು, ಸರಿ. ಯಾವ ತುಂಡು ಎಂದು ಹೇಳುವುದು ಸುಲಭವಾಗಿಲ್ಲ. ಅಳತೆ ಬರೆದು ಕಳಿಸಬಹುದು, ಚಿತ್ರ ಕಳಿಸಬಹುದು. ಪೆಡಲೊತ್ತಿದಾಗ ಪಾದಕ್ಕೆ ತಾಗುವ ಬಿಗಿ, ಬಿಟ್ಟಾಗ ಸ್ವರ ತನ್ನ ಮನೆಗೆ ಪೂರ್ತಿ ಮರಳದೆ ಹೊಸ್ತಿಲಲ್ಲೇ ನಿಲ್ಲುವ ಆ ಚೂರು ಅಪಶ್ರುತಿ, ಇವನ್ನು ಕವರಿಗೆ ಹಾಕಿ ಕಳಿಸಲಾಗದು. ಮೂಲಕ್ಕಿಂತ ಒಳ್ಳೆಯ ತುಂಡೇ ಒಮ್ಮೊಮ್ಮೆ ಪಕ್ಕದ ಸವೆದ ಒಂಬತ್ತರ ಜೊತೆ ಹೊಂದದೆ ಹೊಸ ಸೊಸೆಯ ಹಾಗೆ ಒಂಟಿಯಾಗುವುದೂ ಉಂಟು.

ವರ್ಕ್‌ಶಾಪು ಬ್ರಾಡ್‌ವೇಯಲ್ಲೇ ಇರಬೇಕೆಂದು ಹಟ ಹಿಡಿಯುವುದೂ ನ್ಯಾಯವಲ್ಲ. ಇವತ್ತಿನ ಹೆಸರುವಾಸಿ ತಯಾರಕರಲ್ಲೊಂದಾದ ಮುಲ್ಲೆನ್ ಇರುವುದು ಕೊಲರಾಡೋದ ಬಯಲಿನ ಫ್ಲ್ಯಾಗ್ಲರ್‌ನಲ್ಲಿ. ಕೆಲವೇ ನೂರು ಜನರ ಊರು, ಸುತ್ತ ಹೊಲ, ನ್ಯಾಶ್‌ವಿಲ್‌ನಿಂದ ಸುಮಾರು ಸಾವಿರ ಮೈಲಿ. ಹೆಚ್ಚು ಬಾಡಿಗೆಯಿಲ್ಲ, ಗದ್ದಲವಿಲ್ಲ, ಲೇತಿನ ಸದ್ದಿಗೆ ಬೈಯುವವರಿಲ್ಲ. ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಬಡವಾದದ್ದು ಬೀದಿ. ಎದುರು ಸಾಲಿನ ಅರ್ನೆಸ್ಟ್ ಟಬ್ ರೆಕಾರ್ಡ್ ಅಂಗಡಿ 1951ರಿಂದ ಅಲ್ಲಿದ್ದದ್ದು 2022ರಲ್ಲಿ ಬಾಗಿಲು ಹಾಕಿತು. ಸಂಗೀತ ಕೇಳಲು ಇಷ್ಟೊಂದು ಬಾಗಿಲುಗಳಿರುವ ಬೀದಿಯಲ್ಲಿ ಸಂಗೀತದ ಸಾಮಾನು ರಿಪೇರಿಯಾಗುವ ಬಾಗಿಲು ಕಾಣುವುದು ಕಷ್ಟ. ಹಾಗೆಂದು 416ರಲ್ಲಿ ಸ್ಟೀಲಿನ ಸದ್ದು ಅಡಗಿಲ್ಲ. ರಾಬರ್ಟ್ಸ್‌ನಲ್ಲಿ ಹಳೆಯ ಬಗೆಯ ಕಂಟ್ರಿ ಸಂಗೀತವೇ ನಡೆಯುತ್ತದೆ, ವೇದಿಕೆಯ ಮೇಲೆ ಪೆಡಲ್ ಸ್ಟೀಲೂ ಇರುತ್ತದೆ. ಅದನ್ನು ನುಡಿಸುವವರು ಕೂರುವ ಸ್ಟೂಲು ಸಾಮಾನ್ಯವಾಗಿ ಒಂದು ಪೆಟ್ಟಿಗೆಯೂ ಹೌದು. ಮುಚ್ಚಳ ತೆಗೆದರೆ ಒಳಗೆ ಸರಳು, ಬೆರಳಿಗೆ ಹಾಕುವ ಉಗುರು, ಆ 3/16ರ ಕೀಲಿ, ಕಾಗದದ ಕವರಿನಲ್ಲಿ ಸುರುಳಿ ಸುತ್ತಿದ ಮೂರನೆಯ ತಂತಿ ಐದಾರು. ತಂತಿ ಕಡಿದರೆ ಎರಡು ಹಾಡಿನ ನಡುವೆ ಕೈ ಅಲ್ಲಿಗೆ ಹೋಗುತ್ತದೆ. ಬೆಲ್‌ಕ್ರ್ಯಾಂಕ್ ಮುರಿದರೆ ಆ ಪೆಡಲನ್ನು ಬಿಟ್ಟು ನುಡಿಸಬೇಕು, ಬೂಟುಗಳ ಸಾಲಿನ ಕೆಳಗೆ, ಹಿಂದೊಮ್ಮೆ ಅದನ್ನು ಸರಿಮಾಡಿಕೊಡುತ್ತಿದ್ದ ಅದೇ ಸೂರಿನಡಿಯಲ್ಲಿ.