ಎರೆಮಣ್ಣು

ದೌಂಡ ಜಂಕ್ಷನ್ನಿನಲ್ಲಿ ರೈಲ್ವೆ ನೌಕರನಾಗಿ ಹನ್ನೊಂದು ವರ್ಷ ಕಳೆದೆ. ಇಲ್ಲಿ ಊರ ಅಂಚಿನಲ್ಲಿ ಹರಿಯುವ ಭೀಮೆಯೇ ಮುಂದೆ ಅಫಜಲಪುರ ತಾಲ್ಲೂಕಿನ ನಮ್ಮೂರನ್ನೂ ಮುಟ್ಟುತ್ತದೆ. ಎರಡೂ ಕಡೆ ಮಣ್ಣು ಒಂದೇ: ಕಪ್ಪು ಎರೆ.

ನಮ್ಮೂರ ಮನೆಯ ಪಡಸಾಲೆಯ ಗೋಡೆ, ಕಟ್ಟಿದ ಎರಡನೆಯ ಮಳೆಗಾಲಕ್ಕೇ ಸೀಳಿತ್ತು. ಅಪ್ಪ ಗೌಂಡಿಯನ್ನು ಕರೆಸಿ, ಸಿಮೆಂಟು ಕದ್ದೆಯೆಂದು ಹತ್ತು ಜನರ ಮುಂದೆ ಅಂದು, ಕೊನೆಯ ಕಂತಿನ ಹಣ ಕೊಡದೆ ಕಳಿಸಿದರು. ಆಗ ಇಂಗ್ಲಿಷ್ ಎಂ.ಎ. ಓದುತ್ತಿದ್ದ ನಾನೂ ಅಪ್ಪನ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದೆ.

ಕಳೆದ ದೀಪಾವಳಿಗೆ ಅಕ್ಕನ ಮಗ ದೌಂಡಕ್ಕೆ ಬಂದಿದ್ದ. ಅವನು ಅಸ್ಸಾಮಿನ ತೈಲಬಾವಿಗಳಲ್ಲಿ ಮಡ್ ಇಂಜಿನಿಯರ್. ಆ ಹುದ್ದೆಯ ಹೆಸರಿಗೆ ನಾವೆಲ್ಲ ನಕ್ಕವರೇ. ಕೆಸರು ಕಲಸುವುದಕ್ಕೂ ಪದವಿ ಬೇಕೇ ಎಂದು. ಅವನು ಬೇಸರಿಸದೆ ವಿವರಿಸಿದ. ಬಾವಿ ಕೊರೆಯುವಾಗ ಕೊಳವೆಯೊಳಗೆ ಇಳಿಸುವ ದ್ರವವೇ ಮಡ್. ಅದು ಕೊರೆಯುವ ಬಿಟ್ಟನ್ನು ತಂಪಾಗಿರಿಸಿ, ಕಲ್ಲಿನ ಚೂರುಗಳನ್ನು ಮೇಲಕ್ಕೆ ತರುತ್ತದೆ. ಬಾವಿಯ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ತೊಡಕಿರುವುದು ಶೇಲ್ ಎಂಬ ಜೇಡಿಯ ಪದರುಗಲ್ಲಿನಲ್ಲಿ. ಬರಿಯ ನೀರು ತಾಗಿದರೆ ಅದರೊಳಗಿನ ಸ್ಮೆಕ್ಟೈಟ್ ಎಂಬ ಜೇಡಿ ತನ್ನ ಹಾಳೆಗಳ ನಡುವೆ ನೀರನ್ನು ಹೀರಿ ಉಬ್ಬುತ್ತದೆ. ಗೋಡೆ ಕುಸಿದು ಕೊಳವೆ ಸಿಕ್ಕಿಬೀಳುತ್ತದೆ. ಅದಕ್ಕೇ ನೀರಿಗೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಹಾಳೆಗಳ ನಡುವಿನ ಸೋಡಿಯಂ ನೀರನ್ನು ಸುತ್ತಲೂ ಕೂಡಿಸಿಕೊಂಡು ಅವನ್ನು ದೂರ ತಳ್ಳುತ್ತದೆ. ಅದರ ಜಾಗಕ್ಕೆ ಬಂದ ಪೊಟ್ಯಾಸಿಯಂ ಹಾಳೆಯ ಗುಳಿಗಳಲ್ಲಿ ಸರಿಯಾಗಿ ಕೂತು ಹತ್ತಿರ ಹಿಡಿಯುತ್ತದೆ. ಚೂರುಗಳು ಕರಗದಂತೆ ಕಾಯಲು ಪಾಲಿಮರ್, ಜೊತೆಗೆ ಗ್ಲೈಕಾಲ್ ಕೂಡ ಹಾಕುವುದುಂಟು. ಆ ಪೊಟ್ಯಾಸಿಯಂ ಕ್ಲೋರೈಡ್ ಬೇರೇನಲ್ಲ, ದೌಂಡದ ಕಬ್ಬಿನ ಹೊಲಗಳಿಗೆ ಹಾಕುವ ಪೊಟ್ಯಾಷ್ ಗೊಬ್ಬರವೇ.

ಚಹಾ ಮುಗಿಸಿ ಅವನೇ ಮಾತು ತೆಗೆದ: "ನಮ್ಮ ಎರಿಯಾಗ ಇರೋದೂ ಅದೇ ಜೇಡಿ, ಮಾಮಾ. ಮಳಿಗಾಲಕ್ಕ ಉಬ್ಬತದ, ಬ್ಯಾಸಿಗ್ಯಾಗ ಬಿರೀತದ. ಪಡಸಾಲಿ ಗ್ವಾಡಿ ಒಡದದ್ದು ಗೌಂಡಿ ತಪ್ಪಲ್ರೀ. ಪಾಯಾ ಆಳಕ್ಕ ಹೋಗಿಲ್ಲ."

ನಾನು ಉತ್ತರಿಸಲಿಲ್ಲ. ಪಾಯ ಎರಡೇ ಅಡಿ ಸಾಕೆಂದವರು ಅಪ್ಪ. ಗೌಂಡಿ ಇನ್ನೂ ಆಳಕ್ಕೆ ತೋಡೋಣವೆಂದದ್ದು ನನಗೆ ನೆನಪಿದೆ. ಖರ್ಚು ಹೆಚ್ಚಿಸುವ ಹುನ್ನಾರವೆಂದು ನಾವು ಮನೆಯೊಳಗೆ ಆಡಿಕೊಂಡದ್ದೂ ನೆನಪಿದೆ.

ಅಪ್ಪ ಈಗಿಲ್ಲ. ಅವರ ಲೆಕ್ಕದ ಪುಸ್ತಕದಲ್ಲಿ ಆ ಬಾಕಿ ಹಾಗೇ ಉಳಿದಿದೆ: 4,200 ರೂಪಾಯಿ. ಸಂಕ್ರಾಂತಿಗೆ ಊರಿಗೆ ಟಿಕೆಟ್ ಮಾಡಿಸಿದ್ದೇನೆ. ಹಣವನ್ನೇನೋ ಬಡ್ಡಿ ಸೇರಿಸಿ ಕೊಟ್ಟೇನು. ಹತ್ತು ಜನರ ಮುಂದೆ ಆಡಿದ ಮಾತನ್ನು ಯಾರ ಮುಂದೆ ಹಿಂತೆಗೆದುಕೊಳ್ಳಲಿ? ಆ ಹತ್ತರಲ್ಲಿ ಈಗ ಊರಲ್ಲಿ ಉಳಿದವರು ಮೂವರು.