ಚಾಂಗಿಯ ಕೌದಿ, ನಮ್ಮ ಮನೆಯ ಕೌದಿ

ಚಾಂಗಿ ಎಂದರೆ ನಮ್ಮ ಮುಂಬಯಿಯ ಕನ್ನಡಿಗರಿಗೆ ಸಿಂಗಪುರದ ವಿಮಾನ ನಿಲ್ದಾಣವೆಂದೇ ಅರ್ಥ. ಮಗನೋ ಮಗಳೋ ಅಲ್ಲಿದ್ದರೆ ಒಮ್ಮೆ ಹೋಗಿ, ಆ ನಿಲ್ದಾಣದ ಹೂಗಿಡಗಳನ್ನೂ ಕನ್ನಡಿಯಂಥ ನೆಲವನ್ನೂ ನೋಡಿ ಬಂದು, ನಾಲ್ಕು ಮನೆಗಳಲ್ಲಿ ಹೊಗಳುವುದು ವಾಡಿಕೆ. ನಾನೂ ಹಾಗೆಯೇ ಹೊಗಳುವವಳಿದ್ದೆ. ಆದರೆ ಮಗಳ ಬಾಣಂತನಕ್ಕೆಂದು ಹೋದಾಗ ಅದೇ ಹೆಸರಿನ ಇನ್ನೊಂದು ಸ್ಥಳವನ್ನು ಕಂಡು ಬಂದೆ. ಅಲ್ಲಿಗೆ ನನ್ನನ್ನು ಕರೆದೊಯ್ದುದು ಒಂದು ಕೌದಿ ಎಂದರೆ ವಾಚಕರು ನಕ್ಕಾರು. ಆದುದರಿಂದ ಮೊದಲಿನಿಂದ ಹೇಳುತ್ತೇನೆ.

ಬಾಣಂತನದ ಗಂಟೆಂದರೆ ನಿಮಗೆ ಗೊತ್ತೇ ಇದೆ. ಅಂಟಿನುಂಡೆಯ ಸಾಮಾನು, ಬಜೆಯ ಬೇರು, ಕುಂಚಿಗೆ, ಇವುಗಳ ನಡುವೆ ನಮ್ಮ ಅಜ್ಜಿ ಧಾರವಾಡದಲ್ಲಿ ಹೊಲಿದ ಹಳೆಯ ಕೌದಿಯನ್ನೂ ಇಟ್ಟೆ. ತೂಕ ಹೆಚ್ಚಾಗುವುದೆಂದು ಮನೆಯವರು ಎರಡು ಸಲ ತೆಗೆದರು. ನಾನು ಮೂರು ಸಲ ಇಟ್ಟೆ. ನಮ್ಮ ಮನೆಯ ಮಕ್ಕಳೆಲ್ಲ ಮಲಗಿದ ಕೌದಿ ಅದು. ಮೊಮ್ಮಗಳೂ ಅದರ ಮೇಲೆಯೇ ಮಲಗಲಿ ಎಂಬ ಹಟ ನನ್ನದು.

ಒಂದು ಮಧ್ಯಾಹ್ನ ಮಗುವನ್ನು ಅದರ ಮೇಲೆ ಮಲಗಿಸಿ ಕುಳಿತಿದ್ದಾಗ ಮಗಳು, “ಅಮ್ಮಾ, ಇಂಥ ಕೌದಿಗಳನ್ನು ಇದೇ ಊರಿನ ಸೆರೆಮನೆಯಲ್ಲಿ ಹೆಂಗಸರು ಹೊಲಿದಿದ್ದರು, ನೋಡು” ಎಂದು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೆಗೆದು ತೋರಿಸಿದಳು. ಬಿಳಿಯ ಅರಿವೆಯ ಚೌಕಗಳು, ಒಂದೊಂದರಲ್ಲಿಯೂ ಒಂದೊಂದು ಚಿತ್ರ, ಮೂಲೆಯಲ್ಲಿ ದಾರದಿಂದ ಹೊಲಿದ ಹೆಸರು. ನಾನು ಕನ್ನಡಕ ಏರಿಸಿಕೊಂಡು ಸಂಜೆಯವರೆಗೂ ಆ ಹೆಸರುಗಳನ್ನೇ ಓದಿದೆ.

ಮುಂದಿನ ರವಿವಾರ ಅಳಿಯಂದಿರು ನನ್ನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದರು. ವಿಮಾನ ನಿಲ್ದಾಣಕ್ಕೆ ದೂರವೇನೂ ಅಲ್ಲ. ದೊಡ್ಡ ರಸ್ತೆಯ ಬದಿಗೆ ಬೂದು ಬಣ್ಣದ ಎತ್ತರದ ಗೋಡೆ, ಕಾವಲು ಗೋಪುರಗಳು, ಒಂದು ಹಳೆಯ ಹೆಬ್ಬಾಗಿಲು. 1936ರಲ್ಲಿ ಕಟ್ಟಿದ ಚಾಂಗಿ ಸೆರೆಮನೆಯಲ್ಲಿ ಉಳಿದಿರುವುದು ಇಷ್ಟೇ. 2004ರಲ್ಲಿ ಹಳೆಯ ಕಟ್ಟಡವನ್ನು ಕೆಡವಿದಾಗ ಸುಮಾರು 180 ಮೀಟರ್ ಗೋಡೆಯನ್ನೂ ಎರಡು ಗೋಪುರಗಳನ್ನೂ ಬಾಗಿಲನ್ನೂ ಉಳಿಸಿದರು. 2016ರಲ್ಲಿ ಇವು ರಾಷ್ಟ್ರೀಯ ಸ್ಮಾರಕವಾದವು. ಹಿಂದೆ ಹೊಸ ಸೆರೆಮನೆ ಇದೆ. ಸಮೀಪದಲ್ಲಿಯೇ ಒಂದು ಪ್ರಾರ್ಥನಾ ಮಂದಿರವೂ ವಸ್ತುಸಂಗ್ರಹಾಲಯವೂ ಇವೆ. ಯುದ್ಧಕೈದಿಗಳು ಅಂದು ಕಟ್ಟಿಕೊಂಡಿದ್ದ ಮಂದಿರಗಳ ಮಾದರಿಯಲ್ಲಿಯೇ ಅದನ್ನು ಬಯಲಿನಲ್ಲಿ ಕಟ್ಟಿದ್ದಾರೆ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿತು. ಮಾರ್ಚ್ 8ರಂದು ಕಟೋಂಗ್ ಎಂಬಲ್ಲಿಂದ ಹೆಂಗಸರೂ ಮಕ್ಕಳೂ ಬಿಸಿಲಿನಲ್ಲಿ ಕಾಲ್ನಡಿಗೆಯಿಂದ ಈ ಸೆರೆಮನೆಗೆ ಬಂದರು. ಒಟ್ಟು ಸುಮಾರು ನಾನೂರು ಜನ. ಆರುನೂರು ಕೈದಿಗಳಿಗೆಂದು ಕಟ್ಟಿದ ಮನೆಯಲ್ಲಿ ಸಾವಿರಗಟ್ಟಲೆ ಜನ ತುಂಬಿದ್ದರು. ಸೈನಿಕರಲ್ಲದ ಗಂಡಸರು ಅದೇ ಸೆರೆಮನೆಯ ಬೇರೊಂದು ಭಾಗದಲ್ಲಿದ್ದರು. ಸೆರೆಸಿಕ್ಕ ಸೈನಿಕರು ಹತ್ತಿರದ ಸೆಲರಾಂಗ್ ದಂಡಿನ ಬಿಡಾರಗಳಲ್ಲಿದ್ದರು. ಕಾಗದವಿಲ್ಲ, ಸುದ್ದಿಯಿಲ್ಲ. ಗೋಡೆಯ ಈಚೆಗಿದ್ದ ಹೆಂಡತಿಗೆ ಆಚೆಗಿದ್ದ ಗಂಡ ಬದುಕಿರುವನೋ ಇಲ್ಲವೋ ತಿಳಿಯದು.

ಅವರಲ್ಲಿ ಎಥೆಲ್ ಮಲ್ವೇನಿ ಎಂಬ ಕೆನಡಾ ದೇಶದ ಹೆಣ್ಣುಮಗಳು ಒಂದು ಉಪಾಯ ಹೂಡಿದಳು. ಒಬ್ಬೊಬ್ಬರಿಗೂ ಆರಂಗುಲದ ಚೌಕ ಅರಿವೆ ಕೊಟ್ಟು, ತಮ್ಮ ಮನಸ್ಸಿನಲ್ಲಿದ್ದುದನ್ನು ಅದರ ಮೇಲೆ ಹೊಲಿದು ಹೆಸರು ಹಾಕಿರೆಂದಳು. ಆಸ್ಪತ್ರೆಯಲ್ಲಿರುವ ಗಾಯಾಳುಗಳಿಗೆ ಹೊದಿಕೆ ಮಾಡುತ್ತೇವೆಂಬುದು ಕಾವಲಿನವರಿಗೆ ಹೇಳಿದ ಮಾತು. ಅದು ಸುಳ್ಳೇನೂ ಅಲ್ಲ. ಆದರೆ ಆಸ್ಪತ್ರೆಯಲ್ಲಿ ಆ ಹೊದಿಕೆಯನ್ನು ಯಾರಾದರೂ ಓದಿ, ಇಂಥವರು ಬದುಕಿದ್ದಾರೆಂದು ಅವರ ಮನೆಯವರಿಗೆ ಬಾಯಿಂದ ಬಾಯಿಗೆ ಮುಟ್ಟಿಸಲಿ ಎಂಬುದು ಒಳಗಿನ ಆಸೆ. ಬ್ರಿಟಿಷ್ ಗಾಯಾಳುಗಳಿಗೊಂದು, ಆಸ್ಟ್ರೇಲಿಯದವರಿಗೊಂದು, ಅಡ್ಡಿ ಬಾರದಿರಲೆಂದು ಜಪಾನೀಯರಿಗೂ ಒಂದು, ಹೀಗೆ ಮೂರು ಕೌದಿಗಳು. ಒಂದೊಂದಕ್ಕೆ 66 ಚೌಕಗಳು. ಹೂಗಳಿವೆ, ಊರ ಮನೆಗಳಿವೆ, ಸೆರೆಮನೆಯ ಕೋಣೆಯಿದೆ. ಒಬ್ಬಾಕೆ ‘ಚಾಂಗಿ ಹಾಲಿಡೇ ಹೋಮ್’ ಎಂದು ಹೊಲಿದಿದ್ದಾಳೆ. ಹೊಟ್ಟೆಗೆ ಸರಿಯಾಗಿ ಅನ್ನವಿಲ್ಲದಲ್ಲಿಯೂ ಹೆಂಗಸರಿಗೆ ಹಾಸ್ಯ ಬತ್ತಲಿಲ್ಲ!

ಇದಕ್ಕೂ ಮೊದಲು ಸುಮಾರು ಇಪ್ಪತ್ತು ಜನ ಹುಡುಗಿಯರು ಅಲ್ಲಿ ಇನ್ನೊಂದು ಕೌದಿ ಹೊಲಿದಿದ್ದರು. ಎಲಿಜಬೆತ್ ಎನ್ನಿಸ್ ಎಂಬ ದಾದಿ ಅವರಿಗಾಗಿ ಗರ್ಲ್ ಗೈಡ್ಸ್ ತಂಡವೊಂದನ್ನು ನಡೆಸುತ್ತಿದ್ದಳು. ಆಕೆಯ ಗಂಡ ಇಂಡಿಯನ್ ಮೆಡಿಕಲ್ ಸರ್ವಿಸ್ಸಿನ ವೈದ್ಯ. ಊರು ಬೀಳುವುದಕ್ಕೆ ಕೆಲವೇ ದಿನ ಮೊದಲು ಅವರ ಮದುವೆಯಾಗಿತ್ತು. ಆಕೆಯ ಹುಟ್ಟುಹಬ್ಬಕ್ಕೆಂದು ಹುಡುಗಿಯರು ಗುಟ್ಟಾಗಿ, ಸಿಕ್ಕ ಚಿಂದಿಗಳಿಂದ ಆರು ಮೂಲೆಯ ತುಂಡುಗಳನ್ನು ಕತ್ತರಿಸಿ, ಹೂವಿನಂತೆ ಜೋಡಿಸಿ, ತಮ್ಮ ಹೆಸರುಗಳನ್ನು ಹೊಲಿದರು. ಅದು ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸೊತ್ತು. ಮಲ್ವೇನಿಯ ಮೂರರಲ್ಲಿ ಒಂದು ಬ್ರಿಟಿಷ್ ರೆಡ್‌ಕ್ರಾಸ್ ಸಂಸ್ಥೆಯಲ್ಲಿದೆ, ಎರಡು ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ಯುದ್ಧಸ್ಮಾರಕದಲ್ಲಿವೆ.

ಹೆಸರೇನೋ ಇದೆ, ಹೆಸರಿನ ಮನುಷ್ಯರು ಯಾರು? ಇದನ್ನು ಹುಡುಕುವವರು ಮೊದಲು ಸೆರೆಯಲ್ಲಿದ್ದವರ ಪಟ್ಟಿಗಳನ್ನು ನೋಡುತ್ತಾರೆ. ಚಾಂಗಿಯ ಇಂಥ ದಾಖಲೆಗಳು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಆಮೇಲೆ ಹಡಗಿನ ಪ್ರಯಾಣಿಕರ ಪಟ್ಟಿ, ಇಗರ್ಜಿಯ ಮದುವೆಯ ಲೆಕ್ಕ. ಕುಟುಂಬ ಭಾರತದಲ್ಲಿದ್ದುದಾದರೆ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್, ಮುಂಬಯಿ, ಬಂಗಾಲ ಪ್ರಾಂತಗಳ ಜನನ ಮರಣಗಳ ಕಡತಗಳಿವೆ. ತೊಡಕು ಒಂದೇ: ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ಹೆಸರು ಬರುವುದರಿಂದ ತವರಿನ ಜಾಡು ಅಲ್ಲಿಯೇ ಮುರಿಯುತ್ತದೆ. ಈ ತೊಡಕು ನಮಗೇನು ಹೊಸದೇ?

ಎಲ್ಲರನ್ನೂ ಹುಡುಕಬೇಕಾಗಿಲ್ಲ, ಕೆಲವರು ತಾವೇ ಹೇಳಿ ಹೋಗಿದ್ದಾರೆ. ಶೀಲಾ ಆಲನ್ ಎಂಬ ಹದಿನೇಳರ ಹುಡುಗಿ ತನ್ನ ಚೌಕದಲ್ಲಿ ಆಸ್ಟ್ರೇಲಿಯದ ನಕಾಶೆ ಬಿಡಿಸಿ ಕಾಂಗರೂ ಹೊಲಿದಳು. ಅದು ಅವಳ ತಂದೆಯ ದೇಶ. ಆ ತಂದೆ ಸೆರೆಯಲ್ಲಿಯೇ 1945ರಲ್ಲಿ ತೀರಿಕೊಂಡ. ಮಗಳು ಯುದ್ಧ ಮುಗಿದ ಮೇಲೆ ಆ ನಕಾಶೆಯ ನಾಡಿಗೆ ಹೋಗಿ ನೆಲೆಸಿದಳು. ಗುಟ್ಟಾಗಿ ಬರೆದಿಟ್ಟ ದಿನಚರಿ ಮುಂದೆ ಪುಸ್ತಕವಾಯಿತು.

ಹಿಂದಿರುಗುವಾಗ ಅಳಿಯಂದಿರು ಕ್ರಾಂಜಿಯ ಸ್ಮಾರಕದ ಮಾತು ತೆಗೆದರು. ಅಲ್ಲಿಯ ಗೋಡೆಗಳ ಮೇಲೆ 24,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ, ನಮ್ಮ ದೇಶದವರೂ ಬಹಳ ಮಂದಿ ಇದ್ದಾರೆ ಎಂದರು. ಆ ಹೆಸರುಗಳ ಹಿಂದೆ ಹಳ್ಳಿಗಳಲ್ಲಿ ದಾರಿ ಕಾಯುತ್ತ ಕುಳಿತಿದ್ದ ನಮ್ಮ ಹೆಂಗಸರನ್ನು ಯಾವ ಅರಿವೆಯ ಮೇಲೆ ಹುಡುಕಬೇಕು, ಎಂದು ಯೋಚಿಸುತ್ತ ಮನೆಗೆ ಬಂದೆ. ಮಗು ಅಜ್ಜಿಯ ಕೌದಿಯ ಮೇಲೆ ನಿದ್ದೆಹೋಗಿತ್ತು. ನಲವತ್ತೆಂಟು ತುಂಡುಗಳ ಕೌದಿ. ಒಂದರ ಮೇಲೂ ಹೆಸರಿಲ್ಲ. ನಮ್ಮ ಮನೆತನದ ವಂಶಾವಳಿ ಕಪಾಟಿನಲ್ಲಿದೆ, ಏಳು ತಲೆಮಾರಿನದು. ಅದರಲ್ಲಿರುವವರೆಲ್ಲ ಗಂಡಸರೇ.

ಬಾಣಂತನ ಮುಗಿಸಿ ಬಂದವಳು ಹದಿನೈದು ದಿನಗಳೊಳಗೆ ಧಾರವಾಡಕ್ಕೆ ಹೋದೆ. ನಮ್ಮ ಸೋದರತ್ತೆಗೆ ಈಗ ಎಂಬತ್ತಾರು ವರ್ಷ, ಕಣ್ಣು ಮಂಜಾಗಿವೆ. ಕೌದಿಯನ್ನು ಅವರ ತೊಡೆಯ ಮೇಲೆ ಹರವಿ, “ಅತ್ಯಾ, ಇದರಾಗ ಯಾವುದು ಯಾರದು?” ಎಂದು ಕೇಳಿದೆ.

ಅವರು ಕಣ್ಣಿನಿಂದ ನೋಡಲಿಲ್ಲ, ಬೆರಳಿನಿಂದ ಸವರಿದರು. “ಇದು ಇಳಕಲ್ಲ ಸೀರಿ ಸೆರಗು, ನಿಮ್ಮಜ್ಜಿ ತವರಮನಿಂದ ತಂದದ್ದು. ಇದು ಗುಳೇದಗುಡ್ಡದ ಖಣ, ನಮ್ಮ ದೊಡ್ಡವ್ವಂದು. ಇದು ನಿಮ್ಮಪ್ಪನ ಮುಂಜಿವಿ ಪಂಜಿ.” ನಾನು ಒಂದೊಂದನ್ನೂ ಬರೆದುಕೊಳ್ಳುತ್ತ ಹೋದೆ. ನಡುವೆ ಸಣ್ಣದೊಂದು ಹೂವಿನ ಛಾಪಿನ ತುಂಡು ಬಂದಾಗ ಬೆರಳು ನಿಂತಿತು. ಬಹಳ ಹೊತ್ತು ಮಾತಿಲ್ಲ.

“ಇದು ನಮ್ಮ ತಂಗಿ ಪರಕರ. ನನ್ನ ಬೆನ್ನಿಗೆ ಬಿದ್ದಾಕಿ. ಆರು ವರ್ಷಕ್ಕ ಜ್ವರ ಬಂದು ಹೋದಳು.”

ನನಗೆ ಹೀಗೊಬ್ಬ ಅತ್ತೆಯಿದ್ದಳೆಂಬುದೇ ತಿಳಿದಿರಲಿಲ್ಲ. ತಂದೆಯವರು ಒಂದು ದಿನವೂ ಹೇಳಿರಲಿಲ್ಲ. “ಯಾಕ ಹೇಳಲಿಲ್ಲ ಅತ್ಯಾ?” ಎಂದೆ. “ಯಾರೂ ಕೇಳಲಿಲ್ಲವಾ. ಕೇಳಿದ್ದರ ಹೇಳತಿದ್ದೆ. ಅವ್ವ ಅಕಿ ಹೆಸರು ತಗೀತಿದ್ದಿಲ್ಲ, ಆದರ ರಾತ್ರಿ ಈ ತುಂಡಿನ ಮ್ಯಾಲೆ ಕೈ ಇಟಗೊಂಡು ಮಲಗತಿದ್ದಳು” ಎಂದು ಹೇಳಿ, ತಂಗಿಯ ಹೆಸರನ್ನು ಎರಡು ಸಲ ಉಚ್ಚರಿಸಿದರು. ನಾನು ತಪ್ಪು ಬರೆದುಕೊಳ್ಳಬಾರದೆಂದು ಎರಡನೆಯ ಸಲ.

ಆ ಹೆಸರನ್ನು ಇಲ್ಲಿ ಅಚ್ಚು ಹಾಕಿಸುವುದಿಲ್ಲ. ಕೆಂಪು ದಾರದಿಂದ ಆ ತುಂಡಿನ ಕೆಳಗೆ ಹೊಲಿದಿದ್ದೇನೆ. ನನ್ನ ಕೈ ಅಜ್ಜಿಯ ಕೈಯಲ್ಲ, ಅಕ್ಷರ ಸೊಟ್ಟಗಾಗಿವೆ. ಅತ್ತೆ ಬೆರಳಿನಿಂದ ಓದಿ, “ಇರಲಿ, ತಿಳೀತದ” ಎಂದರು. ನಲವತ್ತೆಂಟರಲ್ಲಿ ಮೂವತ್ತೊಂದು ತುಂಡುಗಳ ಒಡೆಯರು ಸಿಕ್ಕಿದ್ದಾರೆ. ಉಳಿದ ಹದಿನೇಳರಲ್ಲಿ ಕೆಲವನ್ನು ಸೊಲ್ಲಾಪುರದ ಚಿಕ್ಕಮ್ಮ ಗುರುತಿಸಬಹುದೆಂದು ಅತ್ತೆಯವರ ಊಹೆ. ಅವರಿಗೂ ಎಂಬತ್ತು ದಾಟಿದೆ. ದೀಪಾವಳಿಯವರೆಗೆ ಕಾಯಬೇಡವೆಂದು ಅತ್ತೆ ಹೇಳಿದ್ದರಿಂದ, ಬರುವ ವಾರವೇ ಕೌದಿಯನ್ನು ಗಂಟು ಕಟ್ಟಿಕೊಂಡು ರೈಲು ಹತ್ತುವವಳಿದ್ದೇನೆ.