ದಿವಾರ್ ಕುದ್ರುವಿನಲ್ಲಿ ಸೈಕಲ್ ಮೇಲೆ ಒಂದು ದಿನ

2024ರ ನವೆಂಬರಿನಿಂದ 2025ರ ಜನವರಿಯವರೆಗೆ ಹಳೆಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಅವಶೇಷಗಳ ದರ್ಶನ ನಡೆದಾಗ ನಮ್ಮ ಧರ್ಮಕೇಂದ್ರಗಳಿಂದ ಬಸ್ಸು ಮಾಡಿಕೊಂಡು ಹೋದವರು, ಕಾಸರಗೋಡಿನಲ್ಲಿ ರೈಲು ಹತ್ತಿದವರು ಎಷ್ಟೋ ಮಂದಿ. ಸಾಲಿನಲ್ಲಿ ನಿಂತು ದರ್ಶನ ಮಾಡಿ, ಮೇಣದಬತ್ತಿ ಹಚ್ಚಿ, ನೆರೆಮನೆಯವರಿಗೆಂದು ಎರಡು ಜಪಮಾಲೆ ಹೆಚ್ಚಿಗೆ ಕೊಂಡು ಬಂದಿರಿ. ಅಲ್ಲಿ ಒಮ್ಮೆ ನದಿಯ ಕಡೆಗೆ ತಿರುಗಿ ನೋಡಿದ್ದೀರಾ? ಆಚೆ ದಡದಲ್ಲಿ ಒಂದು ಹಸಿರು ಗುಡ್ಡ, ಗುಡ್ಡದ ತಲೆಯ ಮೇಲೆ ಬಿಳಿಯ ದೇವಾಲಯ. ಅದೇ ದಿವಾರ್. ನಮ್ಮ ಜನ ಹೆಚ್ಚಾಗಿ ಈಚೆ ದಡದಿಂದಲೇ ಹಿಂತಿರುಗುತ್ತಾರೆ. ನಾನೂ ನಾಲ್ಕೈದು ಬಾರಿ ಹಾಗೆಯೇ ಹಿಂತಿರುಗಿದವನು. 2025ರ ಮೇ ತಿಂಗಳ ಮೊದಲ ವಾರ ಮಾತ್ರ ಒಂದು ಇಡೀ ದಿನ ಕೈಯಲ್ಲಿತ್ತು. ಹಳೆಗೋವೆಯ ಬಳಿ ಸೇವೆಯಲ್ಲಿರುವ ನನ್ನ ಗುರುಮಠದ ಸಹಪಾಠಿ ತನ್ನ ಹಳೆಯ ಹೀರೋ ಸೈಕಲಿನ ಗಾಳಿ ನೋಡಿ, ಬೆಲ್ಲು ಬಾರಿಸಿ ಪರೀಕ್ಷಿಸಿ, "ಬ್ರೇಕ್ ಹಿಂದಿನದ್ದು ಮಾತ್ರ ಉಂಟು, ಗುಡ್ಡ ಇಳಿಯುವಾಗ ಪ್ರಾರ್ಥನೆ ಮಾಡು" ಎಂದು ಹೇಳಿ ಕೊಟ್ಟ.

ನಮ್ಮ ಕಡೆ ಹೊಳೆಯ ನಡುವಿನ ನೆಲವನ್ನು ಕುದ್ರು ಎನ್ನುತ್ತೇವಲ್ಲ, ದಿವಾರ್ ಅಂಥ ಒಂದು ಕುದ್ರು, ಆದರೆ ದೊಡ್ಡದು. ಕೊಂಕಣಿಯಲ್ಲಿ ದಿವಾಡಿ, ಹಳೆಯ ಹೆಸರು ದೀಪವತಿ. ಸುತ್ತ ಹರಿಯುವ ಮಾಂಡೋವಿ ಬೇರೆ ಯಾವುದೂ ಅಲ್ಲ, ಪೇಪರಿನಲ್ಲಿ ನಾವು ಮಹದಾಯಿ ಎಂದು ಓದುವ ನದಿಯೇ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಗೆ ಇಳಿದು ಸಮುದ್ರದ ಹತ್ತಿರ ಬಂದಾಗ ಇಷ್ಟು ಅಗಲವಾಗಿ, ಇಷ್ಟು ಉಪ್ಪಾಗಿ ನಿಂತಿರುತ್ತದೆ. ನಾನು ಹೋದಾಗ ದಿವಾರ್‌ಗೆ ಸೇತುವೆ ಇರಲಿಲ್ಲ, ಫೆರಿಯೇ ದಾರಿ. ವೈಸರಾಯ್ ಕಮಾನಿನ ಕೆಳಗೆ ಹಾದು ನೂರಾರು ಹೆಜ್ಜೆ ನಡೆದರೆ ಕಟ್ಟೆ. ಒಂದು ಕಾಲದಲ್ಲಿ ಪೋರ್ಚುಗೀಸ್ ವೈಸರಾಯ್‌ಗಳು ಹಡಗಿನಿಂದ ಇಳಿದು ಮೆರವಣಿಗೆಯಲ್ಲಿ ಬರುತ್ತಿದ್ದ ಕಮಾನು ಅದು. ಅದರ ಕೆಳಗೆ ನಾನು ಸೈಕಲ್ ತಳ್ಳಿಕೊಂಡು ಎದುರು ದಿಕ್ಕಿಗೆ ಹೋದೆ. ಫೆರಿಯಲ್ಲಿ ಸ್ಕೂಟರುಗಳು, ಮೀನಿನ ಬುಟ್ಟಿಯ ಹೆಂಗಸರು, ಶಾಲೆಗೆ ರಜೆಯಿದ್ದ ಮಕ್ಕಳು. ಒಂದು ದಶಕದ ಜಪ ಮುಗಿಯುವಷ್ಟರಲ್ಲಿ ಆಚೆ ದಡ ಬಂತು.

ಇಳಿದ ಕೂಡಲೇ ರಸ್ತೆ ನೇರವಾಗಿ ಬಯಲಿನ ನಡುವೆ ಓಡುತ್ತದೆ. ಕಾರಿನಲ್ಲಿ ಹೋಗುವವನಿಗೆ ಇದು ಎರಡು ನಿಮಿಷದ ಖಾಲಿ ಬಯಲು. ಸೈಕಲಿನಲ್ಲಿ ಹೋಗುವವನಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಗದ್ದೆ ನದಿಗಿಂತ ತಗ್ಗಿನಲ್ಲಿದೆ. ಭರತದ ಹೊತ್ತಿನಲ್ಲಿ ಒಡ್ಡಿನ ಆಚೆ ನೀರು ಮೇಲೆ, ಈಚೆ ನೆಲ ಕೆಳಗೆ. ಇದನ್ನು ಗೋವೆಯಲ್ಲಿ ಖಾಜನ್ ಎನ್ನುತ್ತಾರೆ. ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಮುಂಚೆ ಇಲ್ಲಿಯ ಜನ ಕಾಂಡ್ಲದ ಕೆಸರಿಗೆ ಮಣ್ಣು, ಮುರಕಲ್ಲಿನ ಒಡ್ಡು ಹಾಕಿ ಉಪ್ಪುನೀರನ್ನು ಹೊರಗೆ ತಡೆದು ಮಾಡಿಕೊಂಡ ಗದ್ದೆಗಳು ಇವು. ಉಪ್ಪು ಸ್ವಲ್ಪ ತಾಳಿಕೊಳ್ಳುವ ಕೊರ್ಗುಟ್ ಎಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ಮೇ ತಿಂಗಳಲ್ಲಿ ಅಲ್ಲಿ ಬರೀ ಒಣ ಕೂಳೆ, ಬೆಳ್ಳಕ್ಕಿ, ಬಿಸಿಲು.

ಗುಡ್ಡ ಹತ್ತುವಾಗ ಸೈಕಲನ್ನು ತಳ್ಳಿದೆ. ತುದಿಯಲ್ಲಿರುವುದು ಪಿಯೆದಾದೆ, ಅಂದರೆ ಕರುಣೆಯ ಮಾತೆಯ ದೇವಾಲಯ. ಶಿಲುಬೆಯಿಂದ ಇಳಿಸಿದ ಮಗನನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿ. ನಮ್ಮ ಬೇಳದ ವ್ಯಾಕುಲ ಮಾತೆಯನ್ನು ನೋಡಿ ಬೆಳೆದವನಿಗೆ ಅಲ್ಲಿ ಹೊಸಬನೆನಿಸುವುದಿಲ್ಲ. ಈಗಿನ ಕಟ್ಟಡ 1700ರ ಆಚೀಚೆಯದು. ಅದರ ನಕ್ಷೆ ಯುರೋಪಿನವರದ್ದಲ್ಲ, ಗೋವೆಯವರೇ ಆದ ಅಂತೋನಿಯೊ ಜುವಾಂವ್ ದೆ ಫ್ರಿಯಾಸ್ ಎಂಬ ಗುರುಗಳದ್ದು ಎನ್ನುತ್ತಾರೆ. ಅಂಗಳದ ಅಂಚಿನಲ್ಲಿ ನಿಂತರೆ ನದಿ, ಆಚೆ ಹಳೆಗೋವೆಯ ಬಿಳಿ ಗೋಪುರಗಳು. ಎಲ್ಲಿಯೋ ರೈಲು ಮಾಂಡೋವಿ ದಾಟುವ ಸದ್ದು. ಮುಂಬಯಿಗೆ ಹೋಗುವಾಗ ಕರ್ಮಲಿ ಬಿಟ್ಟ ಮೇಲೆ ಸೇತುವೆ ಬರುತ್ತದಲ್ಲ, ಅದರ ಸದ್ದು ಅದು. ಎಷ್ಟೋ ಬಾರಿ ಅದೇ ಸೇತುವೆಯ ಮೇಲೆ ನಾನು ಚಹಾ ಕುಡಿಯುತ್ತಾ ಹೋಗಿದ್ದೇನೆ.

ಈ ಕುದ್ರುವಿನಲ್ಲಿ 1676ರಲ್ಲಿ ಹುಟ್ಟಿದವರು ಫಾದರ್ ಜಾಕೊಮೆ ಗೊನ್ಸಾಲ್ವಿಸ್. ಅವರ ಹೆಸರು ನಮ್ಮಲ್ಲಿ ಕಡಿಮೆ ಕೇಳಿಬರುತ್ತದೆ. ಸಂತ ಜೋಸೆಫ್ ವಾಜ್‌ರನ್ನು ನಾವು ಬಲ್ಲೆವು, ಏಕೆಂದರೆ ಶ್ರೀಲಂಕೆಗೆ ಹೋಗುವ ಮೊದಲು 1681ರಿಂದ ಅವರು ನಮ್ಮ ಕೆನರಾದಲ್ಲಿ ಊರೂರು ನಡೆದವರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಗೊನ್ಸಾಲ್ವಿಸ್ 1705ರಲ್ಲಿ ಲಂಕೆಗೆ ಹೋಗಿ ಅವರ ಜೊತೆಗಾರರಾದರು. ಅಲ್ಲಿ ಸಿಂಹಳ ಕಲಿತರು, ತಮಿಳು ಕಲಿತರು, ಎರಡರಲ್ಲಿಯೂ ಪುಸ್ತಕಗಳನ್ನು ಬರೆದರು. ಕೆಥೋಲಿಕ ಸಿಂಹಳ ಸಾಹಿತ್ಯ ಅವರಿಂದಲೇ ಶುರುವಾಯಿತು ಎಂದು ಅಲ್ಲಿಯವರು ಹೇಳುತ್ತಾರೆ. 1742ರಲ್ಲಿ ಅಲ್ಲಿಯೇ ತೀರಿಕೊಂಡರು, ಊರಿಗೆ ಮರಳಲಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ ಎಂದು ಮೂರು ಭಾಷೆಯ ನಡುವೆ ಏಗುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಹೇಳಬಹುದು ಎಂದು ಅಲ್ಲಿಯೇ ನೆನಪಿನ ಚೀಟಿಯಲ್ಲಿ ಬರೆದುಕೊಂಡೆ.

ಇಳಿಜಾರಿನಲ್ಲಿ ಹಿಂದಿನ ಬ್ರೇಕು ತನ್ನ ಕೆಲಸ ಮಾಡಿತು.

ಕೆಳಗೆ ವಾಡೆಗಳ ನಡುವೆ ತಿರುಗುವಾಗ ಮನೆಗಳು ಎಷ್ಟು ಚಂದ! ಬಣ್ಣದ ಗೋಡೆ, ಕಲ್ಲಿನ ಆಸನದ ಬಾಲ್ಕಾಂವ್, ಅಂಗಳದಲ್ಲಿ ಶಿಲುಬೆ. ಮೊದಲು ಚಂದ ನೋಡಿದೆ, ಆಮೇಲೆ ಬೀಗ ನೋಡಿದೆ. ಒಂದು ಸಾಲಿನಲ್ಲಿ ಐದು ಮನೆಯಲ್ಲಿ ಮೂರಕ್ಕೆ ಬೀಗ. ಒಂದು ಬಾಲ್ಕಾಂವಿನಲ್ಲಿ ಕುಳಿತಿದ್ದ ಅಜ್ಜಿ ಒಬ್ಬರು ನನ್ನ ಮಂಗಳೂರು ಕೊಂಕಣಿ ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅವರ ಪ್ರಾರ್ಥನಾ ಪುಸ್ತಕ ರೋಮನ್ ಲಿಪಿಯಲ್ಲಿ, ನನ್ನದು ಕನ್ನಡ ಲಿಪಿಯಲ್ಲಿ, "ನಮೋ ಮರಿಯೆ" ಮಾತ್ರ ಒಂದೇ. ಗೇರುಹಣ್ಣಿನ ಕಾಲವಲ್ಲವೇ, ಉರಾಕ್ ಕೊಡಲೇ ಎಂದು ಕೇಳಿದರು. ಸೈಕಲಿಗೆ ಒಂದೇ ಬ್ರೇಕು ಇದೆ ಎಂದೆ. ಮತ್ತೆ ನಕ್ಕು ಪುನರ್ಪುಳಿ ಶರಬತ್ತು ತಂದುಕೊಟ್ಟರು. ಬೀಗದ ಮನೆಗಳ ಲೆಕ್ಕವನ್ನು ಅವರೇ ಒಪ್ಪಿಸಿದರು: ಇದು ಇಂಗ್ಲೆಂಡಿನ ಸ್ವಿಂಡನ್, ಇದು ಲಿಸ್ಬನ್, ಅದು ದುಬಾಯಿ. ಆಗಸ್ಟ್ ತಿಂಗಳ ನಾಲ್ಕನೆಯ ಶನಿವಾರ ಬೊಂದೆರಾಂ ಹಬ್ಬಕ್ಕೆ ಬಾವುಟ ಹಿಡಿದು ಕುಣಿಯಲು ಜನವೋ ಜನ, ಭಾನುವಾರ ಸಂಜೆಯ ಫೆರಿಗೆ ಎಲ್ಲರೂ ಖಾಲಿ. ಅವರ ಮಾತಿನಲ್ಲಿ ದೂರು ಇರಲಿಲ್ಲ.

ಮಧ್ಯಾಹ್ನದ ಮೇಲೆ ನಾರ್ವೆಯ ಕಡೆ ತುಳಿದೆ. ಕುದ್ರುವಿನ ಆ ತುದಿಯಲ್ಲಿ ಕದಂಬರ ಕುಲದೇವರಾದ ಸಪ್ತಕೋಟೀಶ್ವರನ ದೇವಸ್ಥಾನ ಇತ್ತು. ಶಾಲೆಯ ಪುಸ್ತಕದಲ್ಲಿ ಬನವಾಸಿಯ ಕದಂಬರನ್ನು ಓದಿದ್ದೇವೆ, ಅದೇ ಹೆಸರಿನ ಗೋವೆಯ ಕದಂಬರ ಚಿನ್ನದ ನಾಣ್ಯಗಳ ಮೇಲೆಯೂ ಈ ದೇವರ ಹೆಸರಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸ್ ಆಡಳಿತ ಆ ದೇವಸ್ಥಾನವನ್ನು ಕೆಡವಿತು. ಲಿಂಗವನ್ನು ಭಕ್ತರು ನದಿ ದಾಟಿಸಿ ಆಚೆಯ ನಾರ್ವೆಗೆ ಒಯ್ದರು. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿಯನ್ನು ಮರಳಿ ಕಟ್ಟಿಸಿದರು. ಈಗಲೂ ಫೆರಿ ಹತ್ತಿ ಅಲ್ಲಿಗೆ ಹೋಗಬಹುದು. ಪಾದ್ರಿಯೊಬ್ಬ ಚರ್ಚಿನ ಪತ್ರಿಕೆಯಲ್ಲಿ ಇದನ್ನು ಬರೆಯದೆ ಮುಂದೆ ಹೋಗುವುದು ಸುಲಭ. ಆದರೆ ನಮ್ಮ ಹಿರಿಯರ ಕಥೆ ಇದರ ಬೆನ್ನಿಗೇ ಇದೆ. ದೇವರನ್ನು ಎತ್ತಿಕೊಂಡು ಗೋವೆ ಬಿಟ್ಟವರಲ್ಲಿ ಕೆಲವರು ಮಂಜೇಶ್ವರದವರೆಗೆ ಬಂದು ನೆಲೆಸಿದರು. ಅವರ ಹಿಂದೆ, ಬರಗಾಲಕ್ಕೆ, ತೆರಿಗೆಗೆ, ಇನ್ಕ್ವಿಸಿಷನ್ ವಿಚಾರಣೆಗೆ, ಮರಾಠರ ದಾಳಿಗೆ ಬೇಸತ್ತು ನಮ್ಮ ಕ್ರೈಸ್ತ ಹಿರಿಯರೂ ಅದೇ ಕರಾವಳಿ ಹಿಡಿದು ಬಂದರು. ಇಬ್ಬರ ನಾಲಿಗೆಯಲ್ಲಿಯೂ ಕೊಂಕಣಿಯೇ. ನಮ್ಮವರಿಗೆ ಕೆಳದಿಯ ನಾಯಕರು ಜಾಗ ಕೊಟ್ಟದ್ದು ಅವರು ಒಳ್ಳೆಯ ಬೇಸಾಯಗಾರರು ಎಂಬ ಕಾರಣಕ್ಕೆ. ಆ ಬೇಸಾಯ ಅವರು ಕಲಿತದ್ದು ಎಲ್ಲಿ ಎಂದು ನಾನು ಅಂದಿನವರೆಗೆ ಯೋಚಿಸಿರಲಿಲ್ಲ. ಉಪ್ಪುನೀರಿಗೆ ಒಡ್ಡು ಹಾಕಿ ಅನ್ನ ಬೆಳೆದ ಇಂಥ ಖಾಜನ್‌ಗಳಲ್ಲಿ ತಾನೇ.

ಹಿಂತಿರುಗುವಾಗ ರಸ್ತೆ ಬಿಟ್ಟು ಒಡ್ಡಿನ ಮೇಲೆಯೇ ಹೋದೆ. ಎಡಗಡೆ ನದಿ, ಬಲಗಡೆ ಗದ್ದೆ, ನಡುವೆ ಸೈಕಲಿನ ಅಗಲದ ದಾರಿ. ಅಲ್ಲಿ ಒಂದು ಮಾನಸ್ ಇತ್ತು. ಮಾನಸ್ ಎಂದರೆ ಒಡ್ಡಿನ ಬಾಗಿಲು. ಮರದ ಹಲಗೆಗಳಿಗೆ ಯಾರೂ ಕಾವಲು ಬೇಕಿಲ್ಲ: ನೀರು ಏರುವಾಗ ನದಿಯೇ ನೂಕಿ ಮುಚ್ಚುತ್ತದೆ, ಇಳಿಯುವಾಗ ಒಳಗಿನ ನೀರು ನೂಕಿ ತೆರೆಯುತ್ತದೆ. ಬಾಗಿಲಿನಲ್ಲಿ ಬಲೆ ಕಟ್ಟಿ ಮೀನು, ಸಿಗಡಿ ಹಿಡಿಯುವ ಹಕ್ಕನ್ನು ಏಲಂ ಹಾಕುತ್ತಾರೆ. ಅರುವತ್ತು ದಾಟಿದ ಒಬ್ಬರು ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತು ಹುಳ ತಿಂದ ಹಲಗೆ ಬಿಚ್ಚುತ್ತಿದ್ದರು. ಜೊತೆಗೆ ಒಬ್ಬನೇ ಹುಡುಗ, ಅವನೂ ಕೂಲಿಗೆ ಹೊರಗಿನಿಂದ ಬಂದವನು. ಮಾತನಾಡಿಸಿದರೆ ನಮ್ಮ ಗದಗದ ಕಡೆಯವನು! ಕನ್ನಡದಲ್ಲಿ ನಾಲ್ಕು ಮಾತಾಡಿದ ಮೇಲೆ ಅವನ ಮುಖ ಅರಳಿತು. ನಾನು ಹಲಗೆಯ ಒಂದು ತುದಿ ಹಿಡಿದುಕೊಂಡೆ.

ಹಿಂದೆ ಗಾಂವ್ಕಾರಿ ಇತ್ತು, ಊರಿನ ಸಮೂಹ. ಪೋರ್ಚುಗೀಸರು ಅದನ್ನೇ ಕೊಮುನಿದಾದ್ ಎಂದು ಕರೆದರು. ಒಡ್ಡಿನಲ್ಲಿ ಏಡಿ ತೂತು ಮಾಡಿದರೂ ಅದರ ಜನ ಬರುತ್ತಿದ್ದರು. 1964ರ ಗೇಣಿ ಕಾನೂನಿನ ನಂತರ ಒಡ್ಡಿನ ಜವಾಬ್ದಾರಿ ಗೇಣಿದಾರರ ಸಂಘಗಳಿಗೆ ಬಂತು. "ಸಂಘ ಉಂಟು ಫಾದರ್, ಮೀಟಿಂಗಿಗೆ ಬರುವವರು ಮೂವರು" ಎಂದರು ಅವರು. ಒಂದು ಕಡೆ ಒಡ್ಡು ಒಡೆದರೆ ಒಬ್ಬನ ಗದ್ದೆಗೆ ಮಾತ್ರ ಉಪ್ಪು ಬರುವುದಿಲ್ಲ, ಇಡೀ ಬಯಲಿಗೆ ಬರುತ್ತದೆ. ಆಮೇಲೆ ಮಣ್ಣಿನ ಉಪ್ಪು ತೊಳೆದು ಹೋಗಲು ಎಷ್ಟೋ ಮಳೆಗಾಲ ಬೇಕು, ಅಷ್ಟರಲ್ಲಿ ಕಾಂಡ್ಲದ ಗಿಡ ಎದ್ದಿರುತ್ತದೆ. ಬೀಗ ಹಾಕಿದ ಮನೆಗಳ ಬಗ್ಗೆ ನಾನು ಕೇಳಿದೆ. ಅವರು ಕೈಯ ಕೆಸರು ಒರೆಸಿಕೊಂಡು, "ಮನೆಗೆ ಬೀಗ ಹಾಕಿ ಹೋಗಬಹುದು. ಒಡ್ಡಿಗೆ ಬೀಗ ಎಲ್ಲಿ ಹಾಕುವುದು?" ಎಂದರು. ಮಳೆಗೆ ಮುಂಚೆ ಈ ಬಾಗಿಲು ಕೂರಿಸಬೇಕು ಎಂದು ಅವಸರದಲ್ಲಿದ್ದರು. ಅವಸರ ಸರಿಯೇ ಆಗಿತ್ತು. ಆ ವರ್ಷ ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂತು, ಮರುದಿನವೇ ಗೋವೆ ತಲುಪಿತು.

ಅಲ್ಲಿ ನಿಂತಿದ್ದಾಗ ನನ್ನ ಕಿಸೆಯಲ್ಲಿ ತಮ್ಮನ ಒಂದು ಮೆಸೇಜ್ ಇತ್ತು, ಮೂರು ದಿನದಿಂದ ಉತ್ತರ ಕೊಡದೆ ಇಟ್ಟದ್ದು. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ, ಕೆಳಗೆ ತೋಡು. ತಮ್ಮ ಕುವೈಟಿನಲ್ಲಿ, ತಂಗಿ ಮುಂಬಯಿಯಲ್ಲಿ, ನಾನು ಧರ್ಮಪ್ರಾಂತ್ಯದ ಸೇವೆಯಲ್ಲಿ. ತೋಟದಲ್ಲಿ ಅಮ್ಮ ಒಬ್ಬರೇ. ಕೊಳ್ಳುವವರು ಸಿಕ್ಕಿದ್ದಾರೆ, ಕೊಟ್ಟುಬಿಡೋಣವೇ ಎಂದು ಅವನು ಕೇಳಿದ್ದ. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಅಮ್ಮನ ಮೊಣಕಾಲು ನೋವಿಗೆ ಗೋವೆಯ ಚರಿತ್ರೆ ಹೇಳಿ ಪ್ರಯೋಜನವಿಲ್ಲ.

ನಮ್ಮ ತೋಡಿಗೆ ಪ್ರತಿ ವರ್ಷ ಕಟ್ಟ ಹಾಕುತ್ತಿದ್ದರು. ಓದುಗರಲ್ಲಿ ಬಹಳ ಮಂದಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಯ ಹರಿವು ತಗ್ಗಿದ ಮೇಲೆ ಕಲ್ಲು, ಮಣ್ಣು ಹಾಕಿ ತೋಡಿಗೆ ಅಡ್ಡ ಕಟ್ಟುವುದು, ಬೇಸಗೆಯವರೆಗೆ ನೀರು ನಿಲ್ಲಿಸುವುದು, ಸುತ್ತಿನ ಬಾವಿಗಳಲ್ಲಿ ನೀರು ಏರುವುದು. ಏತಡ್ಕದ ಕಟ್ಟಗಳು ಹೆಸರುವಾಸಿ. ನಮ್ಮಲ್ಲಿ ಏಳು ಮನೆಯವರು ಸೇರಿ ಹಾಕುತ್ತಿದ್ದೆವು: ನಾವು, ಇಬ್ಬರು ಭಟ್ಟರ ಮನೆ, ಬ್ಯಾರಿಗಳ ಒಂದು ಮನೆ, ಉಳಿದವರು. ಅಪ್ಪ ಬೆಳಿಗ್ಗೆ ಬಲಿಪೂಜೆ ಮುಗಿಸಿ ಬಂದು ಮನೆಮನೆಗೆ ಹೋಗಿ ಕರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಕರೆಯುವವರಿಲ್ಲ, ಎರಡು ವರ್ಷದಿಂದ ಕಟ್ಟವೂ ಇಲ್ಲ. ಮಾರ್ಚ್ ಬಂದರೆ ಅಮ್ಮನ ಬಾವಿಯ ಹಗ್ಗ ಸಾಲದು.

ಸಂಜೆಯ ಫೆರಿಗೆ ಕಾಯುತ್ತಾ ಕುವೈಟಿಗೆ ಫೋನ್ ಮಾಡಿದೆ. ಮಾರುವುದು, ಬಿಡುವುದು ಆಮೇಲೆ ಮಾತನಾಡೋಣ, ಒಂದು ಕಟ್ಟಕ್ಕೆ ಈಗ ಏನು ಖರ್ಚು ಬೀಳಬಹುದು ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಪಾಲು ನಾನು ಕಳಿಸ್ತೇನೆ, ಆದರೆ ಜನ ಯಾರನ್ನು ಕರೆಯುವುದು?" ಎಂದ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹೇಳಿದರು, "ಪುತಾ, ಭಟ್ಟರ ದೊಡ್ಡ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ಬ್ಯಾರಿಗಳ ಅಹಮ್ಮದ್ ಈಗಲೂ ಕೇಳ್ತಾನೆ, ಈ ವರ್ಷ ಕಟ್ಟ ಉಂಟಾ ಅಂತ. ನೀನು ಬಂದು ಒಮ್ಮೆ ಎಲ್ಲರ ಮನೆಗೆ ಹೋಗು."

ಫೆರಿ ಬಂತು. ಸೈಕಲ್ ಹತ್ತಿಸಿದೆ. ಡಿಸೆಂಬರಿನ ಮೊದಲ ವಾರ, ಆಗಮನ ಕಾಲದ ಕೆಲಸದ ನಡುವೆ, ಯಾವ ಎರಡು ದಿನ ರಜೆ ಕೇಳಬಹುದು ಎಂದು ಲೆಕ್ಕ ಹಾಕುವಷ್ಟರಲ್ಲಿ ಹಳೆಗೋವೆಯ ಕಟ್ಟೆ ಬಂದಿತ್ತು.